ಅಂಗಳಕ್ಕೊಂದು ಕ್ಯಾಮೆಲಿಯಾ: ಆರಿಸುವ ಮುನ್ನ ಅರಿಯಬೇಕಾದುದು

ಮಲೆನಾಡಿನ ಮನೆಗಳ ಒಲೆಯ ಮೇಲೆ ದಿನಕ್ಕೆರಡು ಬಾರಿ ಕುದಿಯುವುದು ಕ್ಯಾಮೆಲಿಯಾ. ಚಹಾ ಗಿಡಕ್ಕೆ ಸಸ್ಯಶಾಸ್ತ್ರ ಕೊಟ್ಟಿರುವ ಹೆಸರು ಕ್ಯಾಮೆಲಿಯಾ ಸೈನೆನ್ಸಿಸ್. ಪೇಟೆಯ ನರ್ಸರಿಗಳಲ್ಲಿ ಅಂಗೈಯಗಲದ ಹೂವಿನ ಚಿತ್ರವನ್ನು ಕೊರಳಿಗೆ ಕಟ್ಟಿಕೊಂಡು ನಿಂತು, ಹೂಪ್ರಿಯರ ಕಣ್ಣು ಸೆಳೆಯುವ ಗಿಡ ಅದರದೇ ಕುಲದ ಸೋದರಿ, ಕ್ಯಾಮೆಲಿಯಾ ಜಪೋನಿಕಾ. ಎಲೆಯನ್ನು ತಲೆಮಾರುಗಳಿಂದ ಕುಡಿಯುತ್ತ ಬಂದಿರುವ ನಾಡು ಈಗ ಹೂವಿನತ್ತ ಕಣ್ಣು ಹಾಯಿಸಿದರೆ ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಒಂದು ಗಿಡವನ್ನು ಅಂಗಳಕ್ಕೆ ಕರೆತರುವುದೆಂದರೆ ಒಂದು ಹೂವನ್ನು ತರುವುದಷ್ಟೇ ಅಲ್ಲ. ಅದರ ಮಣ್ಣು, ಅದರ ರೋಗ, ಅದರ ಬೇಡಿಕೆಗಳೆಲ್ಲ ಒಟ್ಟಿಗೇ ಮನೆಯ ದಣಪೆ ದಾಟಿ ಒಳಬರುತ್ತವೆ. ಘಟ್ಟದ ಮನೆಗಳ ಮಟ್ಟಿಗೆ ಈ ಮಾತು ಇನ್ನಷ್ಟು ನಿಜ. ಇಲ್ಲಿ ಅಂಗಳ ಮುಗಿದಲ್ಲಿ ಅಡಿಕೆ ತೋಟ, ತೋಟ ಮುಗಿದಲ್ಲಿ ಸೊಪ್ಪಿನ ಬೆಟ್ಟ, ಬೆಟ್ಟ ಮುಗಿದಲ್ಲಿ ಕಾಡು. ನಡುವೆ ಇರುವುದು ಒಂದು ಬೇಲಿ, ಒಂದು ಅಗಳ, ಅಷ್ಟೆ.

ಹೂವಿನ ಹುಚ್ಚು ಮಲೆನಾಡಿಗೆ ಹೊಸದಲ್ಲ. ಮಳೆಗಾಲ ಹಿಡಿಯುವ ಮೊದಲು ಡೇರೆ ಗೆಡ್ಡೆಗಳನ್ನು ಮನೆಯಿಂದ ಮನೆಗೆ ಸಾಗಿಸುವ, ತವರಿನಿಂದ ಬರುವಾಗ ಬಾಳೆಪಟ್ಟಿಯಲ್ಲಿ ಸುತ್ತಿದ ಒಂದು ದಾಸವಾಳದ ಟೊಂಗೆಯನ್ನಾದರೂ ತರುವ ಪದ್ಧತಿ ಹಳೆಯದು. ಈ ಡೇರೆಯೂ ಮೆಕ್ಸಿಕೋ ದೇಶದ ಬೆಟ್ಟಗಳಿಂದ ಬಂದದ್ದೇ. ಅದು ಅಂಗಳದಲ್ಲಿಯೇ ಹುಟ್ಟಿ ಅಂಗಳದಲ್ಲಿಯೇ ಸಾಯುತ್ತದೆ, ಕಾಡಿಗೆ ಕಾಲಿಟ್ಟಿಲ್ಲ. ಆದುದರಿಂದ ಪರದೇಶದ ಗಿಡವೆಂಬ ಒಂದೇ ಕಾರಣಕ್ಕೆ ಕ್ಯಾಮೆಲಿಯಾವನ್ನು ಹೊರಗಿಡಬೇಕೆಂದು ವಾದಿಸುವುದು ವಿವೇಕವಲ್ಲ. ಕೇಳಬೇಕಾದ ಪ್ರಶ್ನೆಗಳು ಬೇರೆ: ಈ ಗಿಡ ಎಂಥ ನೆಲದಲ್ಲಿ ಹುಟ್ಟಿದ್ದು? ಇಲ್ಲಿ ಅದನ್ನು ಬದುಕಿಸಲು ಏನನ್ನು ಖರ್ಚು ಮಾಡಬೇಕು? ಅದರ ಬೇರಿಗಂಟಿದ ಮಣ್ಣಿನಲ್ಲಿ ಇನ್ನೇನು ಬರುತ್ತಿದೆ?

ಬೆಂಕಿಯಲ್ಲೂ ಹಿಮದಲ್ಲೂ ಉಳಿದ ಗಿಡ

ಕ್ಯಾಮೆಲಿಯಾ ಕುಲ ಪೂರ್ವ ಮತ್ತು ಆಗ್ನೇಯ ಏಷ್ಯಾದ ಬೆಟ್ಟಸೀಮೆಯದು. ನೂರರಿಂದ ಮುನ್ನೂರರ ತನಕ ಪ್ರಭೇದಗಳನ್ನು ಒಬ್ಬೊಬ್ಬ ಸಸ್ಯವಿಜ್ಞಾನಿ ಒಂದೊಂದು ಬಗೆಯಲ್ಲಿ ಎಣಿಸುತ್ತಾರೆ. ಚೀನಾದ ದಕ್ಷಿಣ ಭಾಗ ಅದರ ತವರುಮನೆ. ಅಲ್ಲಿಂದ ವಿಯೆಟ್ನಾಮಿನ ಕಾಡುಗಳವರೆಗೆ, ಇತ್ತ ಕೊರಿಯಾ, ಜಪಾನುಗಳವರೆಗೆ ಅದರ ಬಳಗ ಹಬ್ಬಿದೆ. ಫಿಲಿಪ್ಪೀನ್ಸಿನ ಮನಿಲಾದಲ್ಲಿ ಔಷಧಿ ಸಸ್ಯಗಳನ್ನು ಅಭ್ಯಸಿಸಿದ ಗೇಯಾರ್ಗ್ ಯೋಸೆಫ್ ಕಾಮೆಲ್ ಎಂಬ ಜೆಸ್ಯೂಟ್ ಸಹೋದರನ ನೆನಪಿಗೆ ಲಿನೇಯಸ್ ಈ ಕುಲಕ್ಕೆ ಹೆಸರಿಟ್ಟ. 1753ರ ತನ್ನ ಗ್ರಂಥದಲ್ಲಿ ಆತ ಚಹಾವನ್ನು 'ಥಿಯಾ' ಎಂಬ ಬೇರೆ ಕುಲದಲ್ಲಿ ಇರಿಸಿದ್ದ. ಎರಡೂ ಒಂದೇ ಕುಲವೆಂದು ಒಪ್ಪಿತವಾದದ್ದು ಬಹಳ ನಂತರ.

ಯುರೋಪಿಗೆ ಹೋದ ಮೊದಲ ಕ್ಯಾಮೆಲಿಯಾಗಳ ಕಥೆ ಇಂದಿನ ಹೂಪ್ರಿಯರಿಗೆ ಪಾಠವಾಗಬಲ್ಲದು. 1739ರ ಸುಮಾರಿಗೆ ಇಂಗ್ಲೆಂಡಿನ ಶ್ರೀಮಂತ ಲಾರ್ಡ್ ಪೀಟರ್ ತನ್ನ ಎಸ್ಟೇಟಿನಲ್ಲಿ ಅವನ್ನು ಬೆಳೆಸಿದ. ಪೂರ್ವದೇಶದ ಗಿಡವಾದ್ದರಿಂದ ಸೆಕೆಯೇ ಅದಕ್ಕೆ ಹಿತವೆಂದು ಬಗೆದು ಬಿಸಿಯೇರಿಸಿದ ಗಾಜಿನ ಮನೆಯೊಳಗೆ ಇಟ್ಟರು. ಗಿಡಗಳು ಸತ್ತವು. ಅವುಗಳನ್ನು ಕೊಂದದ್ದು ಚಳಿಯಲ್ಲ, ಅತಿಯಾದ ಆರೈಕೆ. ಇದಕ್ಕೆ ತೀರ ವಿರುದ್ಧವಾದ ಇನ್ನೊಂದು ಉದಾಹರಣೆ ಜರ್ಮನಿಯ ಡ್ರೆಸ್ಡೆನ್ ಬಳಿಯ ಪಿಲ್‌ನಿಟ್ಸ್ ಅರಮನೆಯ ಉದ್ಯಾನದಲ್ಲಿದೆ. 1801ರಲ್ಲಿ ಅಲ್ಲಿ ನೆಟ್ಟ ಕ್ಯಾಮೆಲಿಯಾ ಜಪೋನಿಕಾ ಇಂದಿಗೂ ಬದುಕಿದೆ, ಪ್ರತಿ ವರ್ಷ ಹೂವಾಗುತ್ತದೆ. 1905ರ ಚಳಿಗಾಲದಲ್ಲಿ ಅದಕ್ಕೆ ಹೊದಿಸಿದ್ದ ಮರದ ಗೂಡಿಗೆ ಬೆಂಕಿ ಬಿದ್ದಿತು. ಬೆಂಕಿ ನಂದಿಸಲು ಎರಚಿದ ನೀರು ಗಿಡದ ಸುತ್ತ ಹೆಪ್ಪುಗಟ್ಟಿ, ಆ ಮಂಜುಗಡ್ಡೆಯೇ ಅದಕ್ಕೆ ರಕ್ಷೆಯಾಯಿತೆಂದು ಹೇಳುತ್ತಾರೆ. ಈಗ ಆ ಒಂದು ಗಿಡಕ್ಕಾಗಿ ಸುಮಾರು 54 ಟನ್ ತೂಕದ, 13 ಮೀಟರ್ ಎತ್ತರದ, ಹಳಿಗಳ ಮೇಲೆ ಉರುಳುವ ಗಾಜಿನ ಮನೆಯಿದೆ. ಚಳಿಗಾಲ ಬಂದೊಡನೆ ಮನೆಯನ್ನೇ ಗಿಡದ ಬಳಿಗೆ ತಂದು ನಿಲ್ಲಿಸುತ್ತಾರೆ. ಗಿಡ ಗಟ್ಟಿಯದೆಂಬುದಕ್ಕೆ ಇದು ಸಾಕ್ಷಿ. ತನ್ನದಲ್ಲದ ನೆಲದಲ್ಲಿ ಒಂದು ಗಿಡವನ್ನು ಉಳಿಸಿಕೊಳ್ಳುವ ಬೆಲೆ ಎಷ್ಟೆಂಬುದಕ್ಕೂ ಇದೇ ಸಾಕ್ಷಿ.

ನೆಲ, ನೆರಳು, ನೀರು

ಕ್ಯಾಮೆಲಿಯಾ ಕೇಳುವ ಮಣ್ಣು ಹುಳಿಮಣ್ಣು. ರಸಸಾರ 5.5ರಿಂದ 6.5ರೊಳಗಿರಬೇಕು. ಧೋ ಎಂದು ಸುರಿವ ಮಳೆ ಸುಣ್ಣದ ಅಂಶವನ್ನೆಲ್ಲ ತೊಳೆದೊಯ್ದ ಮಲೆನಾಡಿನ ಕೆಂಪು ಜಂಬಿಟ್ಟಿಗೆ ನೆಲ ಸಹಜವಾಗಿಯೇ ಹುಳಿಯಾದುದು. ಈ ಒಂದು ವಿಷಯದಲ್ಲಿ ಘಟ್ಟದ ಮನೆಗಳು ಬಯಲುಸೀಮೆಗಿಂತ ಅದೃಷ್ಟವಂತವು. ಆದರೆ ಇಲ್ಲಿಯ ಕೆಲವು ರೂಢಿಗಳು ಗಿಡಕ್ಕೆ ಶತ್ರುವಾಗುತ್ತವೆ. ಒಲೆಯ ಬೂದಿಯನ್ನು ಹೂಗಿಡದ ಬುಡಕ್ಕೆ ಹಾಕುವುದು ಮನೆಮನೆಯ ಅಭ್ಯಾಸ. ಬೂದಿ ಕ್ಷಾರಗುಣದ್ದು. ಕ್ಯಾಮೆಲಿಯಾದ ಬುಡಕ್ಕೆ ಅದು ಬಿದ್ದರೆ ಎಲೆಯ ನರಗಳು ಮಾತ್ರ ಹಸಿರಾಗಿ ಉಳಿದು ನಡುವಣ ಭಾಗ ಹಳದಿಯಾಗುತ್ತದೆ. ಮಣ್ಣಿನಲ್ಲಿ ಕಬ್ಬಿಣದ ಅಂಶವಿದ್ದರೂ ಬೇರಿಗೆ ಅದನ್ನು ಹೀರಲಾಗದ ಸ್ಥಿತಿ ಅದು. ಸಿಮೆಂಟ್ ಬಳಿದ ಗೋಡೆಯ ಬುಡ, ಹೊಸದಾಗಿ ಕಾಂಕ್ರೀಟ್ ಹಾಕಿದ ಅಂಗಳದ ಅಂಚು, ಇವುಗಳಿಂದಲೂ ಇದೇ ತೊಂದರೆ. ಸುಣ್ಣ ಮಳೆನೀರಿನೊಂದಿಗೆ ಇಳಿದು ಬೇರಿನ ಬಳಿ ಸೇರುತ್ತದೆ.

ಎರಡನೆಯ ಬೇಡಿಕೆ ಚದುರಿದ ನೆರಳು. ಹುಟ್ಟೂರಿನಲ್ಲಿ ಅದು ದೊಡ್ಡ ಮರಗಳ ಅಡಿಯ ಗಿಡ. ಹಲಸು, ಮಾವುಗಳ ಎಲೆಗಳ ಸಂದಿನಿಂದ ತೂರಿ ಬರುವ ಬಿಸಿಲು ಅದಕ್ಕೆ ಸಾಕು. ಏಪ್ರಿಲ್ ತಿಂಗಳ ಮಧ್ಯಾಹ್ನದ ನೇರ ಬಿಸಿಲು ಎಲೆಯನ್ನು ಸುಡುತ್ತದೆ. ಮೂರನೆಯದು ನೀರು ನಿಲ್ಲದ ನೆಲ. ಮಲೆನಾಡಿನಲ್ಲಿ ಹೆಚ್ಚಿನ ಕ್ಯಾಮೆಲಿಯಾಗಳು ಎಡವುವುದು ಇಲ್ಲಿಯೇ. ಆಗುಂಬೆಯಂಥ ಊರಿನಲ್ಲಿ ವರ್ಷಕ್ಕೆ 7000 ಮಿಲಿಮೀಟರಿನ ಆಸುಪಾಸು ಮಳೆ ಬೀಳುತ್ತದೆ, ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ. ಗುಂಡಿ ತೋಡಿ ಆಳದಲ್ಲಿ ನೆಟ್ಟ ಗಿಡ ಬಾವಿಯಲ್ಲಿ ನಿಂತಂತೆ ನಿಲ್ಲುತ್ತದೆ, ಬೇರು ಕೊಳೆಯುತ್ತದೆ. ಆದುದರಿಂದ ನೆಲದಿಂದ ಗೇಣೆತ್ತರಕ್ಕೆ ಮಣ್ಣಿನ ದಿಬ್ಬ ಮಾಡಿ, ಬೇರುಮುದ್ದೆಯ ಮೇಲ್ಭಾಗ ನೆಲಕ್ಕಿಂತ ತುಸು ಮೇಲಿರುವಂತೆ ನೆಡಬೇಕು. ಬುಡದ ಸುತ್ತ ಅಂಗಳದಲ್ಲಿಯೇ ಉದುರಿದ ದರಕನ್ನು ಹೊದಿಸಬೇಕು, ಕಾಂಡಕ್ಕೆ ತಾಗದಂತೆ.

ಜೂನ್‌ನಿಂದ ಸೆಪ್ಟೆಂಬರಿನವರೆಗೆ ಅತಿಯಾದ ನೀರು, ಫೆಬ್ರವರಿಯಿಂದ ಮೇ ತನಕ ನೀರೇ ಇಲ್ಲ, ಇದು ಘಟ್ಟದ ಹವೆ. ಮೊಗ್ಗು ಬಲಿಯುವ ಕಾಲದಲ್ಲಿ ಬೇರು ಒಮ್ಮೆ ಒಣಗಿದರೂ ಕ್ಯಾಮೆಲಿಯಾ ಮೊಗ್ಗನ್ನು ಉದುರಿಸಿಬಿಡುತ್ತದೆ. ಸವರುವುದಿದ್ದರೆ ಹೂವು ಮುಗಿದ ಕೂಡಲೇ ಸವರಬೇಕು. ತಡಮಾಡಿದರೆ ಮುಂದಿನ ವರ್ಷದ ಮೊಗ್ಗುಗಳೇ ಕತ್ತರಿಗೆ ಸಿಗುತ್ತವೆ. ಗೊಬ್ಬರ ಅಲ್ಪವೇ ಸಾಕು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ವರ್ಷಕ್ಕೊಮ್ಮೆ ಹಾಕಿದರೆ ಹೆಚ್ಚು.

ಇಷ್ಟೆಲ್ಲ ಮಾಡಿದರೂ ಎತ್ತರದ ಪ್ರಶ್ನೆ ಉಳಿಯುತ್ತದೆ. ಚಳಿ ತಾಗದೆ ಜಪೋನಿಕಾ ಚೆನ್ನಾಗಿ ಹೂವಾಗುವುದಿಲ್ಲ. 2200 ಮೀಟರ್ ಎತ್ತರದ ಊಟಿಗೆ ಒಪ್ಪುವ ಗಿಡ 600 ಮೀಟರಿನ ಆಸುಪಾಸಿನ ಶಿರಸಿಗೆ ಒಪ್ಪಬೇಕೆಂದಿಲ್ಲ. ಘಟ್ಟದ ಕೆಳಗಿನ ಕರಾವಳಿಯ ಸೆಕೆಯಲ್ಲಂತೂ ಅದರ ಆಸೆಯನ್ನೇ ಬಿಡುವುದು ಲೇಸು. 1100 ಮೀಟರಿಗೂ ಮೇಲಿರುವ ಮಡಿಕೇರಿಯ ಸುತ್ತ, ಚಿಕ್ಕಮಗಳೂರಿನ ಎತ್ತರದ ಗಿರಿಗಳ ಸೆರಗಿನಲ್ಲಿ ಪ್ರಯತ್ನಿಸಬಹುದು. ಚಿತ್ರ ನೋಡಿ ಗಿಡ ಕೊಳ್ಳುವವರಿಗೆ ಈ ಮಾತನ್ನು ಮಾರುವವರು ಹೇಳುವುದಿಲ್ಲ. ಮೂರು ವರ್ಷ ಕಾದು, ಹೂವು ಕಾಣದೆ, ಒಂದು ಮಳೆಗಾಲದಲ್ಲಿ ಗಿಡವನ್ನೇ ಕಳೆದುಕೊಂಡು, ತಮ್ಮ ಕೈಗುಣವೇ ಸರಿಯಿಲ್ಲವೆಂದು ಗೃಹಿಣಿಯರು ನೊಂದುಕೊಳ್ಳುವುದುಂಟು. ತಪ್ಪು ಕೈಯದಲ್ಲ, ಆಯ್ಕೆಯದು.

ಎಸಳು ಹೆಚ್ಚಿದಂತೆ ಹೂವು ಬಡವಾಗುತ್ತದೆ

ನಾಟಿಗೆ ತಕ್ಕ ಎತ್ತರವೂ ತಾಳ್ಮೆಯೂ ಇರುವವರು ಯಾವುದನ್ನು ಆರಿಸಬೇಕು? ನರ್ಸರಿಯ ಹೆಸರುಪಟ್ಟಿಯಲ್ಲಿ ಸಾವಿರಾರು ತಳಿಗಳಿವೆ. ಮನೆಯಂಗಳಕ್ಕೆ ಸಂಬಂಧಪಟ್ಟಂತೆ ಮುಖ್ಯವಾದವು ಮೂರೇ. ಜಪೋನಿಕಾದ ಹೂವು ದೊಡ್ಡದು, ಚಳಿಗಾಲದಿಂದ ವಸಂತದವರೆಗಿನದು, ನೆರಳು ಬೇಕೇಬೇಕು. ಸಸಾಂಕ್ವಾ ಎಂಬ ಪ್ರಭೇದದ ಹೂವು ಚಿಕ್ಕದು, ಶರತ್ಕಾಲದಲ್ಲಿಯೇ ಅರಳುವಂಥದು, ಬಿಸಿಲನ್ನು ಹೆಚ್ಚು ತಾಳಬಲ್ಲದು. ಬೇರುಕೊಳೆಯನ್ನೂ ಅದು ಜಪೋನಿಕಾಕ್ಕಿಂತ ಚೆನ್ನಾಗಿ ಎದುರಿಸುತ್ತದೆ. ಅದಕ್ಕಾಗಿಯೇ ಅದರ ಬುಡದ ಮೇಲೆ ಜಪೋನಿಕಾವನ್ನು ಕಸಿ ಕಟ್ಟುವ ಪದ್ಧತಿ ಇದೆ. ಮೂರನೆಯದು ಚಹಾ. ಇದನ್ನು ಹೂಗಿಡವೆಂದು ಯಾರೂ ಎಣಿಸುವುದಿಲ್ಲ, ಏಕೆಂದರೆ ಎಸ್ಟೇಟುಗಳಲ್ಲಿ ಅದನ್ನು ಹೂವಾಗಲು ಬಿಡುವುದೇ ಇಲ್ಲ. ಸವರದೆ ಬಿಟ್ಟರೆ ಚಳಿಗಾಲದ ಹೊತ್ತಿಗೆ ಹಳದಿ ಕೇಸರಗಳ ಗುಚ್ಛವಿರುವ ಪುಟ್ಟ ಬಿಳಿ ಹೂಗಳು ಎಲೆಯಡಿಯಲ್ಲಿ ತಲೆಬಾಗಿ ಅರಳುತ್ತವೆ, ಜೇನುನೊಣಗಳು ಮುತ್ತುತ್ತವೆ. ಚಿಕ್ಕಮಗಳೂರು, ಕೊಡಗುಗಳ ಕೆಲವು ತೋಟಗಳಲ್ಲಿ ಬಹುಕಾಲದಿಂದ ಬದುಕಿ ತೋರಿಸಿರುವ ಕ್ಯಾಮೆಲಿಯಾ ಇದೊಂದೇ. ಕ್ಯಾಮೆಲಿಯಾ ಬೇಕೇಬೇಕೆನ್ನುವ ಮಲೆನಾಡಿನ ಮನೆಗೆ ಮೊದಲ ಸಲಹೆ ಒಂದು ಚಹಾ ಗಿಡವೇ. ಹೂವಿನ ಜೊತೆಗೆ ಎರಡೆಲೆ ಒಂದು ಕುಡಿಯೂ ಸಿಗುತ್ತದೆ.

ಇನ್ನೊಂದು ಆಯ್ಕೆಯ ಸೂತ್ರ ಎಸಳುಗಳದು. ಜಪಾನಿನ ಕಾಡಿನ ಕ್ಯಾಮೆಲಿಯಾಕ್ಕೆ ಐದಾರು ಕೆಂಪು ಎಸಳು, ನಡುವೆ ಕೇಸರಗಳ ದುಂಡನೆಯ ಗೊಂಚಲು. ಕೀಟಗಳು ವಿರಳವಾದ ಚಳಿಗಾಲದಲ್ಲಿ ಅರಳುವ ಆ ಹೂವಿನ ಪರಾಗಸ್ಪರ್ಶ ಮಾಡುವುದು ಹಕ್ಕಿಗಳು. ಅವುಗಳಲ್ಲಿ ಮುಖ್ಯವಾದದ್ದು ಮೆಜಿರೊ, ಮಲೆನಾಡಿನ ಬಿಳಿಗಣ್ಣ ಹಕ್ಕಿಯ ಹತ್ತಿರದ ನೆಂಟ. ಮಾರುಕಟ್ಟೆ ಮೆಚ್ಚಿದ ಹಲವು ಸುತ್ತಿನ ಹೂಗಳಲ್ಲಿ ಕೇಸರಗಳೇ ಎಸಳಾಗಿ ಮಾರ್ಪಟ್ಟಿವೆ. ನೋಡಲು ಶಿಲ್ಪದಂತಿದ್ದರೂ ಅಲ್ಲಿ ಪರಾಗವಿಲ್ಲ, ಮಕರಂದದ ದಾರಿ ಮುಚ್ಚಿದೆ, ಬೀಜ ಕಟ್ಟುವುದಿಲ್ಲ. ಹಕ್ಕಿ ಬಂದು ಬರಿಗೈಲಿ ಮರಳುತ್ತದೆ. ಕ್ಯಾಮೆಲಿಯಾ ಇರಲಿ, ದಾಸವಾಳ ಇರಲಿ, ಡೇರೆಯೇ ಇರಲಿ, ಒಂಟಿ ಸುತ್ತಿನ ಹೂವನ್ನು ಆರಿಸುವುದೆಂದರೆ ಅಂಗಳದ ಅತಿಥಿಗಳಿಗೂ ಒಂದು ಎಲೆ ಹಾಕಿದಂತೆ.

ಹುಟ್ಟೂರಿನಲ್ಲಿ ಗಿಡವೊಂದರ ನೆಂಟಸ್ತಿಕೆ ಎಷ್ಟು ಆಳವಾದದ್ದೆಂಬುದಕ್ಕೂ ಜಪಾನಿನ ಕ್ಯಾಮೆಲಿಯಾ ನಿದರ್ಶನ. ಅದರ ಕಾಯಿಯ ಸಿಪ್ಪೆ ಕೊರೆದು ಬೀಜದೊಳಗೆ ಮೊಟ್ಟೆಯಿಡುವ ಒಂದು ಮೂತಿಹುಳುವಿದೆ. ದಕ್ಷಿಣದ ಯಾಕುಶಿಮಾ ದ್ವೀಪದಲ್ಲಿ ಗಿಡ ತನ್ನ ಸಿಪ್ಪೆಯನ್ನು ದಪ್ಪವಾಗಿಸುತ್ತ ಹೋಗಿ ಕಾಯಿ ಸೇಬಿನ ಗಾತ್ರಕ್ಕೆ ಬೆಳೆದಿದೆ. ಅದಕ್ಕೆ ತಕ್ಕಂತೆ ಹುಳುವಿನ ಮೂತಿ ಅದರ ದೇಹಕ್ಕಿಂತಲೂ ಉದ್ದವಾಗಿದೆ. ಸಾವಿರಾರು ವರ್ಷಗಳ ಈ ಜಗಳವೂ ಒಂದು ಬಗೆಯ ಸಂಸಾರವೇ. ಕುಂಡದಲ್ಲಿ ಬಂದ ಗಿಡ ಇದೆಲ್ಲವನ್ನೂ ಹಿಂದೆ ಬಿಟ್ಟು ಒಂಟಿಯಾಗಿ ಬರುತ್ತದೆ.

ಚೀಲದ ಮಣ್ಣಿನಲ್ಲಿ ಬರುವ ಅತಿಥಿ

ಒಂಟಿಯಾಗಿ ಎನ್ನುವುದೂ ಪೂರ್ತಿ ಸರಿಯಲ್ಲ. ಜಪಾನಿನಲ್ಲಿ 1919ರಲ್ಲಿ ವರ್ಣಿಸಲಾದ ಎಸಳು ಕೊಳೆಸುವ ಶಿಲೀಂಧ್ರವೊಂದು 1938ರಲ್ಲಿ ಅಮೆರಿಕದಲ್ಲಿ, 1993ರಲ್ಲಿ ನ್ಯೂಜಿಲೆಂಡಿನಲ್ಲಿ, ಆ ದಶಕ ಮುಗಿಯುವುದರೊಳಗೆ ಯುರೋಪಿನಲ್ಲಿ ಕಾಣಿಸಿಕೊಂಡಿತು. ಸಾಗರಗಳನ್ನು ದಾಟಿಸಿದ್ದು ಗಾಳಿಯಲ್ಲ, ಗಿಡಗಳ ವ್ಯಾಪಾರ. ಅದು ಕ್ಯಾಮೆಲಿಯಾದ ಹೂವನ್ನು ಮಾತ್ರ ಕೆಡಿಸುವ ರೋಗ, ಸಹಿಸಬಹುದು. ಇದಕ್ಕಿಂತ ಭೀಕರವಾದದ್ದು ಫೈಟಾಫ್ತೊರಾ ಎಂಬ ಬಳಗದ್ದು.

ಈ ಹೆಸರನ್ನು ಮಲೆನಾಡಿನ ಕೃಷಿಕರು ಕೇಳಿರದಿದ್ದರೂ ಅದರ ಕೈಚಳಕವನ್ನು ಪ್ರತಿ ಆಷಾಢದಲ್ಲಿ ಕಾಣುತ್ತಾರೆ. ಅಡಿಕೆಯ ಕೊಳೆರೋಗ ಅದರದೇ ಕೆಲಸ. ಕಾಳುಮೆಣಸಿನ ಬಳ್ಳಿಯನ್ನು ಕೆಲವೇ ವಾರಗಳಲ್ಲಿ ಒಣಗಿಸುವ ಶೀಘ್ರ ಸೊರಗು ರೋಗವೂ ಅದೇ ಬಳಗದ ಇನ್ನೊಂದು ಪ್ರಭೇದದ್ದು. 1845ರಲ್ಲಿ ಐರ್ಲೆಂಡಿನ ಆಲೂಗೆಡ್ಡೆಯನ್ನು ಕೊಳೆಸಿ ಮಹಾಕ್ಷಾಮಕ್ಕೆ ಕಾರಣವಾದದ್ದು ಮತ್ತೊಂದು. ಗ್ರೀಕ್ ಭಾಷೆಯಲ್ಲಿ ಆ ಹೆಸರಿನ ಅರ್ಥವೇ ಸಸ್ಯನಾಶಕ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅವರು 1910ರಲ್ಲಿ ಕೊಳೆರೋಗದ ಅಧ್ಯಯನ ಪ್ರಕಟಿಸಿ ಬೋರ್ಡೋ ದ್ರಾವಣದ ದಾರಿ ತೋರಿಸಿದರು. ನೂರು ವರ್ಷ ಕಳೆದರೂ ಕೊನೆಗೌಡರು ಮಳೆಯ ನಡುವೆ ಜೀವ ಪಣಕ್ಕಿಟ್ಟು ಮರವೇರಿ ಔಷಧಿ ಹೊಡೆಯುವುದು ತಪ್ಪಿಲ್ಲ.

ಇದೇ ಬಳಗದ ಫೈಟಾಫ್ತೊರಾ ಸಿನಮೋಮಿ ಕ್ಯಾಮೆಲಿಯಾದ ಬೇರನ್ನು ಕೊಳೆಸುತ್ತದೆ. 1922ರಲ್ಲಿ ಸುಮಾತ್ರಾದ ದಾಲ್ಚಿನ್ನಿ ಮರಗಳಲ್ಲಿ ಮೊದಲಿಗೆ ಗುರುತಿಸಲಾದ ಇದು ಬೆಣ್ಣೆಹಣ್ಣಿನ ಮರವನ್ನೂ ಬಿಡುವುದಿಲ್ಲ. ಇನ್ನೂ ಎಚ್ಚರಿಕೆಯ ಪ್ರಸಂಗ ಫೈಟಾಫ್ತೊರಾ ರಮೋರಮ್‌ನದು. 1990ರ ದಶಕದ ನಡುವಿನಿಂದ ಕ್ಯಾಲಿಫೋರ್ನಿಯದ ಓಕ್ ಜಾತಿಯ ಮರಗಳು ಗುಂಪುಗುಂಪಾಗಿ ಸಾಯತೊಡಗಿದವು. 2004ರಲ್ಲಿ ಆ ರಾಜ್ಯದ ದಕ್ಷಿಣ ಭಾಗದ ಒಂದು ದೊಡ್ಡ ನರ್ಸರಿಯ ಕ್ಯಾಮೆಲಿಯಾ ಗಿಡಗಳಲ್ಲಿಯೇ ಆ ರೋಗಾಣು ಪತ್ತೆಯಾಯಿತು. ಆ ಹೊತ್ತಿಗೆ ಗಿಡಗಳು ದೇಶದ ನಾನಾ ರಾಜ್ಯಗಳ ಮನೆಯಂಗಳ ಸೇರಿಯಾಗಿತ್ತು. ಎಲೆಯ ತುದಿಯಲ್ಲಿ ಒಂದು ಕಂದು ಕಲೆಯ ಹೊರತು ಕ್ಯಾಮೆಲಿಯಾದ ಮೈಮೇಲೆ ಬೇರೆ ಗುರುತೇ ಇರುವುದಿಲ್ಲ. ಅದು ತಾನು ಸಾಯದೆ ರೋಗವನ್ನು ಹೊತ್ತು ತಿರುಗುತ್ತದೆ. ಬ್ರಿಟನ್ನಿನಲ್ಲಿ 2002ರಲ್ಲಿ ಹೂಗಿಡದ ಮೇಲೆ ಕಂಡ ಇದೇ ರೋಗಾಣು 2009ರಲ್ಲಿ ಲಾರ್ಚ್ ಮರಗಳ ನೆಡುತೋಪುಗಳಿಗೆ ದಾಟಿತು. ಹರಡುವುದನ್ನು ತಡೆಯಲು ಅಪಾರ ಸಂಖ್ಯೆಯ ಮರಗಳನ್ನು ಕಡಿಯಬೇಕಾಯಿತು. ಅಂಗಳದ ಗಿಡ ಕಾಡನ್ನು ಕೊಲ್ಲಬಲ್ಲದೆಂಬುದು ಕಟ್ಟುಕಥೆಯಲ್ಲ.

ಭಾರತದಲ್ಲಿ ಹೊರದೇಶದ ಸಸ್ಯಗಳ ಆಮದಿಗೆ 2003ರ ಸಸ್ಯ ಸಂಪರ್ಕನಿಷೇಧ ಆದೇಶವಿದೆ. ಆದರೆ ಬಂದರಿನಲ್ಲಿರುವ ಎಚ್ಚರ ಪೇಟೆಯ ಸಂತೆಯಲ್ಲಿಲ್ಲ. ಕಪ್ಪು ಪ್ಲಾಸ್ಟಿಕ್ ಚೀಲಗಳಲ್ಲಿ ನೂರಾರು ಮೈಲಿ ದೂರದ ಮಣ್ಣನ್ನು ಹೊತ್ತು ಬರುವ ಹೂಗಿಡಗಳ ಬೇರನ್ನು ಬಿಡಿಸಿ ನೋಡುವವರು ಯಾರು? ಎಲೆಚುಕ್ಕಿ ರೋಗ ಈಚಿನ ವರ್ಷಗಳಲ್ಲಿ ಮಲೆನಾಡಿನ ಅಡಿಕೆಗೆ ಕೊಟ್ಟ ಪೆಟ್ಟನ್ನು ಕಂಡವರಿಗೆ ಇನ್ನೊಂದು ಹೊಸ ರೋಗವನ್ನು ತಾಳಿಕೊಳ್ಳುವ ಶಕ್ತಿ ತೋಟಗಳಿಗಿಲ್ಲವೆಂಬುದು ತಿಳಿದಿದೆ. ಇನ್ನೂರು ರೂಪಾಯಿಯ ಹೂಗಿಡಕ್ಕಾಗಿ ಒಂದು ಸೀಮೆಯ ತೋಟಗಳನ್ನು ಪಣಕ್ಕೊಡ್ಡುವುದು ಲಾಭದ ಲೆಕ್ಕವಲ್ಲ. ಹೊಸ ಗಿಡವನ್ನು ತಂದ ಕೂಡಲೇ ತೋಟದ ಬದುವಿನಲ್ಲಿ ನೆಡದೆ, ತೋಟಕ್ಕೆ ನೀರು ಹರಿಯದ ಜಾಗದಲ್ಲಿ ಒಂದು ಮಳೆಗಾಲ ಪೂರ್ತಿ ಕುಂಡದಲ್ಲಿಯೇ ಇಟ್ಟು ನೋಡಬೇಕು. ಎಲೆ ಕಂದಿದ, ಬುಡ ಕಪ್ಪಾದ ಗಿಡವನ್ನು ಗೊಬ್ಬರದ ಗುಂಡಿಗೆ ಎಸೆಯದೆ ಸುಡಬೇಕು. ಅದರ ಮಣ್ಣನ್ನು ಎಂದೂ ತೋಟಕ್ಕೆ ಸುರಿಯಬಾರದು.

ಕಾಡಿನಲ್ಲಿರುವ ನೆಂಟ

ಕ್ಯಾಮೆಲಿಯಾ ಬೀಜ ಚೆಲ್ಲಿ ಕಾಡನ್ನು ಆಕ್ರಮಿಸುವ ಗಿಡವಲ್ಲ ಎಂಬುದನ್ನು ನ್ಯಾಯವಾಗಿ ಒಪ್ಪಬೇಕು. ನಿಧಾನವಾಗಿ ಬೆಳೆಯುವ, ಇದ್ದಲ್ಲಿಯೇ ಇರುವ ಗಿಡ ಅದು. ಲಂಟಾನದ ಕಥೆ ಹಾಗಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಚೆಂದದ ಬೇಲಿ ಹೂವೆಂದು ಬಂದ ಲಂಟಾನ ಭಾರತದ ಹುಲಿಕಾಡುಗಳ ಶೇಕಡಾ 40ರಷ್ಟು ಭಾಗವನ್ನು ಬೆದರಿಸುತ್ತಿದೆಯೆಂದು 2020ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಹಳದಿ ಹೂವಿಗಾಗಿ ತಂದ ಸೆನ್ನಾ ಸ್ಪೆಕ್ಟಾಬಿಲಿಸ್ ವಯನಾಡಿನ ಕಾಡನ್ನು ನುಂಗಿ ನಾಗರಹೊಳೆ, ಬಂಡೀಪುರಗಳ ಕಡೆಗೂ ಕಾಲು ಚಾಚಿದೆ. ಆದರೆ ಕ್ಯಾಮೆಲಿಯಾ ಕುಲವೂ ತಾನಾಗಿ ಅಲ್ಲದಿದ್ದರೂ ಮನುಷ್ಯನ ಕೈಯಿಂದ ಸಹ್ಯಾದ್ರಿಯ ಕಾಡನ್ನು ಕಬಳಿಸಿದೆ. ಹತ್ತೊಂಬತ್ತನೆಯ ಶತಮಾನದಿಂದ ನೀಲಗಿರಿಯ ಶೋಲಾ ಕಾಡು, ಹುಲ್ಲುಗಾವಲುಗಳನ್ನು ಸವರಿ ನೆಟ್ಟದ್ದು ಕ್ಯಾಮೆಲಿಯಾ ಸೈನೆನ್ಸಿಸನ್ನೇ.

ಇದರಲ್ಲಿ ಅಡಗಿದ ಒಂದು ವಿಪರ್ಯಾಸವನ್ನು ಹೂಪ್ರಿಯರು ತಿಳಿಯಬೇಕು. ಆ ಶೋಲಾ ಕಾಡುಗಳಲ್ಲಿ ಕ್ಯಾಮೆಲಿಯಾದ ನೆಂಟನೊಬ್ಬ ಮೊದಲಿನಿಂದಲೂ ಇದ್ದ, ಇಂದಿಗೂ ಅಳಿದುಳಿದಲ್ಲಿ ಇದ್ದಾನೆ. ಗೋರ್ಡೋನಿಯಾ ಅಬ್ಟ್ಯೂಸಾ ಎಂದು ಅವನ ಹೆಸರು. ಚಹಾದ ಕುಟುಂಬಕ್ಕೇ ಸೇರಿದ, ಪಶ್ಚಿಮಘಟ್ಟದ ಹೊರಗೆ ಭೂಮಿಯ ಮೇಲೆ ಬೇರೆಲ್ಲಿಯೂ ಸಹಜವಾಗಿ ಬೆಳೆಯದ ಮರ ಅದು. ತುಸು ಹಲ್ಲಿನ ಅಂಚಿರುವ ಹೊಳಪಿನ ಗಟ್ಟಿ ಎಲೆ, ಕೆನೆಬಿಳಿ ಎಸಳು, ನಡುವೆ ತುಂಬಿ ತುಳುಕುವ ಹಳದಿ ಕೇಸರ. ದೂರದಿಂದ ಕಂಡವರು ಒಂಟಿ ಸುತ್ತಿನ ಬಿಳಿ ಕ್ಯಾಮೆಲಿಯಾವೆಂದೇ ಭ್ರಮಿಸಬಹುದು. ಚಹಾಕ್ಕಾಗಿ ಕಾಡು ಕಡಿದಾಗ ನೆಲಕ್ಕುರುಳಿದ ಮರಗಳಲ್ಲಿ ಈ ನೆಂಟನೂ ಇದ್ದ. ಮನೆಯ ಮಗನನ್ನು ಹೊರಗಟ್ಟಿ ದೂರದ ಬಂಧುವಿಗೆ ಮಣೆ ಹಾಕಿದಂತಾಯಿತು. ಇಂದು ಯಾವ ನರ್ಸರಿಯ ಪಟ್ಟಿಯಲ್ಲಿಯೂ ಅದರ ಹೆಸರು ಸುಲಭವಾಗಿ ಸಿಗುವುದಿಲ್ಲ.

ಚೀನಾದ ಗುವಾಂಗ್‌ಶಿ ಮತ್ತು ಉತ್ತರ ವಿಯೆಟ್ನಾಮಿನ ಗಡಿಕಾಡುಗಳಲ್ಲಿ ಬೆಳೆಯುವ ಹಳದಿ ಹೂವಿನ ಕ್ಯಾಮೆಲಿಯಾಗಳ ಪಾಡು ಇದಕ್ಕಿಂತ ಭಿನ್ನವಲ್ಲ. ಹಳದಿ ಬಣ್ಣ ಅಪರೂಪವೆಂದು ತಿಳಿದದ್ದೇ ತಡ, ಕಾಡಿನಿಂದ ಬೇರುಸಹಿತ ಕಿತ್ತು ಸಾಗಿಸುವುದು ಶುರುವಾಯಿತು. ಮಲೆನಾಡಿನ ಸೀತಾಳೆ ದಂಡೆಯನ್ನು ಮರದಿಂದ ಕಿತ್ತು ತಂದು ಚಾವಡಿಯ ಕಂಬಕ್ಕೆ ಕಟ್ಟುವವರಿಗೆ ಈ ಕಥೆ ಅಪರಿಚಿತವೆನಿಸಲಾರದು. ಹೂವಿನ ಮೇಲಿನ ಪ್ರೀತಿ ಹೂವನ್ನೇ ಅಳಿಸಬಲ್ಲದು.

ಅಂಗಳದ ಹೊಣೆ

ಆದುದರಿಂದ ಮಲೆನಾಡಿನ ಅಂಗಳಕ್ಕೆ ಹೂಗಿಡ ಆರಿಸುವವರು ಮೊದಲು ಬೇಲಿಯಾಚೆ ನೋಡಬೇಕು. ಅಂಚಿನುದ್ದಕ್ಕೂ ಕೇಪಳ ನೆಟ್ಟರೆ ವರ್ಷವಿಡೀ ಚಿಟ್ಟೆ, ಸೂರಕ್ಕಿಗಳಿಗೆ ಮಕರಂದ, ಮಕ್ಕಳಿಗೆ ಹಣ್ಣು. ತಗ್ಗಿನ ತೇವದ ಮೂಲೆಗೆ ನೇರಳೆ ಹೂವಿನ ನೆಕ್ಕರೆ, ಬಾಗಿಲ ಬದಿಗೆ ಅಬ್ಬಲಿಗೆ, ಜಾಗವಿದ್ದಲ್ಲಿ ಒಂದು ರಂಜಲು, ಒಂದು ಸುರಗಿ, ಒಂದು ಕೆಂಡಸಂಪಿಗೆ. ಒಣಗಿದ ಮೇಲೂ ಪೆಟ್ಟಿಗೆಯೊಳಗೆ ವರ್ಷಗಟ್ಟಲೆ ಕಂಪು ಬೀರುವ ಸುರಗಿಗೆ ಸಮನಾದುದು ಕ್ಯಾಮೆಲಿಯಾ ಜಪೋನಿಕಾದಲ್ಲಿಲ್ಲ. ಅದರ ಬಹುಪಾಲು ತಳಿಗಳಿಗೆ ಗಂಧವೇ ಇಲ್ಲ. ಈ ಗಿಡಗಳಿಗೆ ಮಣ್ಣಿನ ರಸಸಾರ ಅಳೆಯಬೇಕಾಗಿಲ್ಲ, ಹಳಿಯ ಮೇಲಿನ ಗಾಜಿನ ಮನೆಯೂ ಬೇಕಿಲ್ಲ. ಸಾವಿರಾರು ಮಳೆಗಾಲಗಳಲ್ಲಿ ನೆನೆದು ಗೆದ್ದವು ಅವು.

ಹೀಗಿದ್ದೂ ಕ್ಯಾಮೆಲಿಯಾದ ಆಸೆ ಉಳಿದವರು ಎತ್ತರದ ಊರಿನವರಾಗಿದ್ದರೆ ಒಂದು ಗಿಡ ಬೆಳೆಸಲಿ, ಒಂಟಿ ಸುತ್ತಿನದನ್ನು ಆರಿಸಲಿ, ಕುಂಡದಲ್ಲಿಯೇ ಇಡಲಿ. ಆದರೆ ಅದರ ಬುಡಕ್ಕೆ ಹಾಕಲೆಂದು ಕಾಡಿನ ಗೋಡುಮಣ್ಣನ್ನು ಚೀಲಗಟ್ಟಲೆ ಕೆರೆದು ತರಬಾರದು. ಒಂದಂಗುಲ ಗೋಡು ಕಟ್ಟಲು ಕಾಡಿಗೆ ತಲೆಮಾರುಗಳೇ ಬೇಕು. ಅಂಗಳದ ಗುಡಿಸಿದ ಎಲೆಯನ್ನು ಸುಡದೆ ಒಂದು ಮೂಲೆಯಲ್ಲಿ ಕೂಡಿಟ್ಟರೆ ಎರಡು ಮಳೆಗಾಲದಲ್ಲಿ ಅಷ್ಟೇ ಸೊಗಸಾದ ಎಲೆಗೊಬ್ಬರ ಸಿದ್ಧವಾಗುತ್ತದೆ.

ಇದು ಮನೆಯವರ ಹೊಣೆ ಮಾತ್ರವಲ್ಲ. ಅಕೇಸಿಯಾ, ತೇಗದ ಸಸಿಗಳನ್ನು ಲಕ್ಷಗಟ್ಟಲೆ ಬೆಳೆಸಬಲ್ಲ ಸರ್ಕಾರಿ ಸಸ್ಯಪಾಲನಾ ಕ್ಷೇತ್ರಗಳು ಸುರಗಿ, ಕೇಪಳ, ನೆಕ್ಕರೆಗಳ ನಾಲ್ಕು ಸಾಲನ್ನಾದರೂ ಏಕೆ ಬೆಳೆಸಬಾರದು? ಉದುರಿದ ಗೋರ್ಡೋನಿಯಾ ಕಾಯಿಗಳಿಂದ ರೆಕ್ಕೆಯ ಬೀಜಗಳನ್ನು ಆಯ್ದು, ಕಾಡಿನ ಮರಕ್ಕೆ ಕೈಹಚ್ಚದೆ ಸಸಿ ಮಾಡುವ ಕೆಲಸವನ್ನು ಅರಣ್ಯ ಇಲಾಖೆ ಆರಂಭಿಸಬೇಕು. ತೋಟಗಾರಿಕೆ ಇಲಾಖೆ ಪೇಟೆಯ ಹೂಗಿಡ ವ್ಯಾಪಾರದ ಮೇಲೂ ಒಂದು ಕಣ್ಣಿಡಬೇಕು, ಬೇರು ಕೊಳೆತ ಗಿಡ ಕಂಡರೆ ತೋರಿಸಲು ರೈತರಿಗೊಂದು ಸ್ಥಳ ಗೊತ್ತುಮಾಡಬೇಕು. ಶಿರಸಿ ಸೀಮೆಯಲ್ಲಿ ಮಹಿಳೆಯರು ಮಳೆಗಾಲದ ಮುನ್ನ ಬೀಜ, ಗೆಡ್ಡೆ, ಟೊಂಗೆಗಳನ್ನು ವಿನಿಮಯ ಮಾಡಿಕೊಳ್ಳುತ್ತ ಬಂದಿರುವ ಬಗೆ ಇದಕ್ಕೆಲ್ಲ ಮಾದರಿಯಾಗಬಲ್ಲದು. ಅಲ್ಲಿ ಗಿಡದ ಜೊತೆಗೆ ಅದರ ಹುಟ್ಟೂರು, ಗುಣ, ದೋಷಗಳ ಮಾತೂ ಕೈಯಿಂದ ಕೈಗೆ ದಾಟುತ್ತದೆ. ಕೊಟ್ಟವರ ಮನೆ ಯಾವುದೆಂದು ಪಡೆದವರಿಗೆ ಗೊತ್ತಿರುತ್ತದೆ. ರೋಗ ಬಂದರೆ ಮೂಲ ಹುಡುಕುವುದು ಕಷ್ಟವಲ್ಲ. ಲಾರಿಯ ಗಿಡಕ್ಕೆ ಆ ವಿಳಾಸವಿಲ್ಲ.

ಮುಂಗಾರು ಹತ್ತಿರವಾದಂತೆ ಗುಂಡಿ ತೋಡುವ ಕೈಗಳು ಸಜ್ಜಾಗುತ್ತವೆ. ಗುಂಡಿಗೆ ಇಳಿಯುವ ಗಿಡ ಯಾವುದು, ಅದರ ಬೇರಿಗಂಟಿದ ಮಣ್ಣು ಎಲ್ಲಿಯದು ಎಂದು ಕೇಳಿದ ಮೇಲೆಯೇ ಮಣ್ಣು ಮುಚ್ಚಲಿ.